ನಗೆಯ ಸೋಂಕು

ನೆಗಡಿಯು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಂಬುದನ್ನು ಎಲ್ಲರೂ ಬಲ್ಲರು. ಆಕಳಿಕೆಯೂ ಅಂಟುವಂಥದೇ, ತರಗತಿಯಲ್ಲಿ ಒಬ್ಬನು ಆಕಳಿಸಿದರೆ ಸಾಕು, ಸಾಲಿಗೆ ಸಾಲೇ ಬಾಯಿ ತೆರೆಯುತ್ತದೆ. ನಗೆಯೂ ಈ ಗುಂಪಿಗೆ ಸೇರಿದುದು. ಹಿಂದೆ ಒಂದು ನಗೆಮಾತು ಊರಿನಿಂದ ಊರಿಗೆ ಹೋಗಬೇಕಾದರೆ ಸಂತೆಗೆ ಹೋದವರ, ಮದುವೆಗೆ ಬಂದವರ ಬಾಯಿಯನ್ನು ಆಶ್ರಯಿಸಬೇಕಾಗಿತ್ತು. ಇಂದು ಅಂತರಜಾಲದ ಮೂಲಕ ಅದು ಲೋಟದ ಕಾಫಿ ಆರುವುದರೊಳಗೆ ಬೆಂಗಳೂರಿನಿಂದ ಬಾಸ್ಟನ್ನಿಗೆ ಮುಟ್ಟುತ್ತದೆ. ಹೀಗೆ ಕೆಲವೇ ಗಂಟೆಗಳಲ್ಲಿ ಲಕ್ಷಾಂತರ ಜನರ ಕೈಸೇರುವ ಚಿತ್ರ, ಮಾತು, ಚಲಚ್ಚಿತ್ರದ ತುಣುಕುಗಳನ್ನು ‘ವೈರಲ್’ ಎಂದು ಕರೆಯುವುದು ರೂಢಿಯಾಗಿದೆ. ವೈರಸ್ಸಿನಂತೆ ಹರಡುವುದು ಎಂದು ಅದರ ಅರ್ಥ. ಇದು ಬರಿಯ ಅಲಂಕಾರದ ಮಾತೇ, ಅಥವಾ ರೋಗವೂ ನಗೆಯೂ ಹರಡುವ ನಿಯಮ ನಿಜವಾಗಿಯೂ ಒಂದೇ ಏನು? ಒಂದೇ ಆಗಿದ್ದರೆ ಅದರಿಂದ ನಾವು ಕಲಿಯಬೇಕಾದುದು ಏನಾದರೂ ಉಂಟೆ? ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ನಗೆ ಒಂದು ಸಂಕೇತ

ನಗುವುದಕ್ಕೆ ಹಾಸ್ಯ ಬೇಕೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಅವರು ಜನರ ನಿತ್ಯದ ಮಾತುಕತೆಯನ್ನು ಬಹುಕಾಲ ಗಮನಿಸಿ ಬೇರೆಯೇ ಸಂಗತಿಯನ್ನು ಕಂಡರು. ಒಂಟಿಯಾಗಿರುವಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚಾಗಿ ಮನುಷ್ಯನು ಇತರರೊಡನೆ ಇರುವಾಗ ನಗುತ್ತಾನೆ. ಆ ನಗೆಯಲ್ಲಿ ಬಹುಪಾಲು ಹುಟ್ಟುವುದು ಚಮತ್ಕಾರದ ಮಾತಿನಿಂದಲ್ಲ, ‘ಹೋಗಿ ಬರುತ್ತೇನೆ’ ಎಂಬಂಥ ಸಾಧಾರಣ ಮಾತಿನಿಂದ. ಅಂದಮೇಲೆ, ನಗೆಯೆಂಬುದು ಮೊದಲಿಗೆ ಒಂದು ಸಂಕೇತ. ‘ನಾವಿಬ್ಬರೂ ಒಂದೇ ಬಳಗದವರು, ಇದು ಆಟ, ಜಗಳವಲ್ಲ’ ಎಂಬ ಸಂಕೇತ.

ಒಬ್ಬನೇ ಕುಳಿತು ಮೊಬೈಲಿನಲ್ಲಿ ನಗೆಚಿತ್ರವೊಂದನ್ನು ಕಂಡವನು ತಕ್ಷಣವೇ ಅದನ್ನು ಗೆಳೆಯನಿಗೆ ಕಳಿಸಲು ಆತುರಪಡುವುದೇಕೆಂಬುದು ಇದರಿಂದ ತಿಳಿಯುತ್ತದೆ. ಕಳಿಸುವುದೆಂದರೆ ದೂರದಲ್ಲಿರುವವನನ್ನು ಜೊತೆಗೆ ಕರೆದುಕೊಂಡು ನಗುವುದೇ ಆಗಿದೆ. ಆದರೆ ಇಲ್ಲಿ ಒಂದು ಕೊರತೆಯುಂಟು. ಎದುರಿಗೆ ನಿಂತು ಮಾತನಾಡುವಾಗ ದನಿಯ ಏರಿಳಿತವೂ ತುಟಿಯ ಅಂಚೂ ‘ಇದು ತಮಾಷೆ’ ಎಂದು ಹೇಳಿಬಿಡುತ್ತವೆ. ಬರೆದ ಮಾತಿಗೆ ದನಿಯೂ ಇಲ್ಲ, ತುಟಿಯೂ ಇಲ್ಲ.

ಪಾದರಸ ಚೆಲ್ಲಿದ ಲಿಫ್ಟು

ಈ ಕೊರತೆಯಿಂದ ಏನಾಗಬಹುದೆಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1982ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಪ್ರಸಂಗವೇ ನಿದರ್ಶನ. ಅಲ್ಲಿನವರು ಗಣಕಯಂತ್ರದ ಮೂಲಕ ಒಂದು ಸಾರ್ವಜನಿಕ ಸೂಚನಾಫಲಕದಲ್ಲಿ ಬರೆದು ಚರ್ಚಿಸುತ್ತಿದ್ದರು. ಆಗ ಯಾರೋ ಒಂದು ಪ್ರಶ್ನೆಯನ್ನು ಎತ್ತಿದರು: ತಂತಿಯ ಹಗ್ಗ ಕಡಿದು ಲಿಫ್ಟು ತಡೆಯಿಲ್ಲದೆ ಕೆಳಗೆ ಬೀಳುತ್ತಿರುವಾಗ ಅದರೊಳಗೆ ಉರಿಯುತ್ತಿರುವ ಮೇಣದಬತ್ತಿಯೂ ನೆಲದ ಮೇಲಿರುವ ಪಾದರಸದ ಹನಿಯೂ ಏನಾಗುತ್ತವೆ? ಪ್ರಶ್ನೆ ಸೊಗಸಾದುದೇ. ಬೀಳುವ ಲಿಫ್ಟಿನಲ್ಲಿ ತೂಕವೆಂಬುದೇ ಇಲ್ಲದಂತಾಗುವುದರಿಂದ ಬಿಸಿಗಾಳಿ ಮೇಲಕ್ಕೇರದು. ಜ್ವಾಲೆಯು ನೀಳವಾಗಿ ನಿಲ್ಲದೆ ದುಂಡಗಾಗಿ ಮಂಕಾಗುತ್ತದೆ. ಪಾದರಸದ ಹನಿಯು ಮೇಲ್ಮೈ ಎಳೆತದ ದೆಸೆಯಿಂದ ಗೋಲಿಯಂತಾಗುತ್ತದೆ.

ಚರ್ಚೆಯ ನಡುವೆ ವಿನೋದಪ್ರಿಯನೊಬ್ಬನು, ಭೌತವಿಜ್ಞಾನದ ಪ್ರಯೋಗವೊಂದರ ಫಲವಾಗಿ ಎಡತುದಿಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಬೆಂಕಿಯಿಂದ ಅಲ್ಪ ಹಾನಿಯೂ ಆಗಿದೆ ಎಂದು ಅಧಿಕೃತ ಪ್ರಕಟಣೆಯ ಧಾಟಿಯಲ್ಲಿ ಬರೆದನು. ಹಿಂದಿನ ಚರ್ಚೆಯನ್ನು ಓದಿದವರು ನಕ್ಕರು. ಓದದೆ ಇದ್ದವರಲ್ಲಿ ಕೆಲವರು ಇದನ್ನು ನಿಜವಾದ ಎಚ್ಚರಿಕೆಯೆಂದೇ ಭಾವಿಸಿದರು! ತಮಾಷೆಯ ಬರಹಕ್ಕೆ ಏನಾದರೂ ಗುರುತು ಇರಲೇಬೇಕೆಂಬ ಮಾತು ಎದ್ದಿತು. ಒಬ್ಬೊಬ್ಬರು ಒಂದೊಂದು ಗುರುತನ್ನು ಸೂಚಿಸಿದರು. ಸೆಪ್ಟೆಂಬರ್ 19ರಂದು ಗಣಕವಿಜ್ಞಾನಿ ಸ್ಕಾಟ್ ಫಾಲ್‌ಮನ್ ಅವರು ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ, ಇಷ್ಟನ್ನೇ ಜೋಡಿಸಿ :-) ಎಂದು ಬರೆದರು. ತಲೆಯನ್ನು ಎಡಕ್ಕೆ ಓರೆಮಾಡಿ ನೋಡಿದರೆ ಅದೊಂದು ನಗೆಮೊಗ. ಇಂದು ಕೋಟ್ಯಂತರ ಜನ ಬಳಸುವ ಹಳದಿಯ ನಗೆಮೊಗಗಳೂ ಅದೇ ಕೆಲಸವನ್ನು ಮಾಡುತ್ತವೆ. ಅಕ್ಷರಗಳಿಗೆ ಇಲ್ಲದ ಮುಖವನ್ನು ಅವು ಒದಗಿಸುತ್ತವೆ.

ಪ್ರತಿ ಮತ್ತು ಪಾಠಾಂತರ

ಇನ್ನು, ವಿನೋದವು ಕೈಯಿಂದ ಕೈಗೆ ಸಾಗುವಾಗ ಹೇಗೆ ಮಾರ್ಪಡುತ್ತದೆಂಬುದನ್ನು ನೋಡೋಣ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರು 1976ರಲ್ಲಿ ಪ್ರಕಟಿಸಿದ ‘ದ ಸೆಲ್ಫಿಷ್ ಜೀನ್’ ಎಂಬ ಗ್ರಂಥದಲ್ಲಿ ‘ಮೀಮ್’ ಎಂಬ ಹೊಸ ಪದವನ್ನು ಟಂಕಿಸಿದರು. ಅನುಕರಣೆ ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಪದವಿದು. ಜೀನುಗಳು ಪೀಳಿಗೆಯಿಂದ ಪೀಳಿಗೆಗೆ ಪ್ರತಿಯಾಗುತ್ತ ಹೋಗುವಂತೆ ರಾಗ, ಗಾದೆ, ಉಡುಪಿನ ಶೈಲಿ ಮೊದಲಾದವು ಮಿದುಳಿನಿಂದ ಮಿದುಳಿಗೆ ಪ್ರತಿಯಾಗುತ್ತವೆಂಬುದು ಅವರ ಅಭಿಪ್ರಾಯ. ಅಂತರಜಾಲದ ನಗೆಚಿತ್ರಗಳಿಗೆ ಈ ಹೆಸರು ಅಂಟಿಕೊಂಡುದು ಆಮೇಲೆ. ಅದೇ ಚಿತ್ರ, ಬೇರೆ ಬೇರೆ ಮಾತು, ಇದು ಅವುಗಳ ಸಾಮಾನ್ಯ ಲಕ್ಷಣ. ನಮ್ಮಲ್ಲಿಯೂ ಕನ್ನಡ ಚಲಚ್ಚಿತ್ರದ ದೃಶ್ಯವೊಂದನ್ನು ತೆಗೆದುಕೊಂಡು ನಾಯಕನ ಬಾಯಲ್ಲಿ ಪರೀಕ್ಷೆಯ ಭಯವನ್ನೋ ಬೆಂಗಳೂರಿನ ವಾಹನಗಳ ದಟ್ಟಣೆಯನ್ನೋ ಹಾಡಿಕೊಳ್ಳುವುದು ಈ ಜಾತಿಯ ವಿನೋದವೇ.

ಈ ಮಾರ್ಪಾಡನ್ನು ಅಳೆಯಲು ಒಂದು ಒಳ್ಳೆಯ ಅವಕಾಶ 2009ರಲ್ಲಿ ಒದಗಿತು. ಅಮೆರಿಕದಲ್ಲಿ ವೈದ್ಯಕೀಯ ವೆಚ್ಚದ ಬಗೆಗೆ ಬಿಸಿಬಿಸಿ ಚರ್ಚೆ ನಡೆಯುತ್ತಿದ್ದಾಗ, ಚಿಕಿತ್ಸೆಗೆ ಹಣವಿಲ್ಲದ ಕಾರಣ ಯಾರೂ ಸಾಯಬಾರದು ಎಂಬ ಒಕ್ಕಣೆಯೊಂದು ಫೇಸ್‌ಬುಕ್ಕಿನಲ್ಲಿ ಹಬ್ಬಿತು. ಅಲ್ಲಿನ ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕಿದಾಗ 11 ಲಕ್ಷಕ್ಕೂ ಹೆಚ್ಚು ಪ್ರತಿಗಳೂ 1,20,000ಕ್ಕೂ ಮಿಕ್ಕ ಪಾಠಾಂತರಗಳೂ ಸಿಕ್ಕಿದುವು. ತಾಳೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರ ಕಾಲದಲ್ಲಿ ಹುಟ್ಟಿದ ‘ಪಾಠಾಂತರ’ ಎಂಬ ಮಾತು ಇಲ್ಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಅವುಗಳಲ್ಲಿ ಕೆಲವು ಅಣಕುಗಳು. ಹಣವಿಲ್ಲದ ಕಾರಣ ಯಾರಿಗೂ ಬಿಯರ್ ತಪ್ಪಬಾರದು ಎಂದು ಒಂದು; ‘ಸ್ಟಾರ್ ವಾರ್ಸ್’ ಚಲಚ್ಚಿತ್ರದ ಖಳನಿಗೆ ಸಾಲ ತೀರಿಸಲಾರದ ಕಾರಣ ಯಾರನ್ನೂ ಹೆಪ್ಪುಗಟ್ಟಿಸಬಾರದು ಎಂದು ಇನ್ನೊಂದು. ‘ಒಪ್ಪಿದರೆ ನೀವೂ ಇದನ್ನು ಹಾಕಿ’ ಎಂಬ ಬಾಲವಿದ್ದ ಪಾಠಗಳು ಹೆಚ್ಚು ಸಂತತಿಯನ್ನು ಪಡೆದುವು. ಮಾರ್ಪಾಡು, ಆಯ್ಕೆ, ಸಂತಾನವೃದ್ಧಿ ಎಂಬ ಡಾರ್ವಿನ್ನನ ಮೂರು ಸೂತ್ರಗಳೂ ಇಲ್ಲಿ ಕಾಣುತ್ತವೆ. ಒಂದು ಮಾತನ್ನು ಮಾತ್ರ ಮರೆಯಬಾರದು. ಈ ಆಯ್ಕೆಯಲ್ಲಿ ಗೆಲ್ಲುವುದು ನಿಜವಾದ ಪಾಠವಲ್ಲ, ಹೆಚ್ಚು ಪ್ರತಿಯಾಗಬಲ್ಲ ಪಾಠ.

ಹರಡುವಿಕೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಒಂದು ನಗೆಚಿತ್ರವು 100 ಮಂದಿಯ ಬಳಗವೊಂದಕ್ಕೆ ಬಂದಿತೆನ್ನಿ. ಅವರಲ್ಲಿ ಇಬ್ಬರು ಮಾತ್ರ ಮೆಚ್ಚಿ, ತಲಾ 100 ಮಂದಿಯ ಬೇರೊಂದು ಬಳಗಕ್ಕೆ ಅದನ್ನು ಕಳಿಸಿದರು. ಆ ಎರಡು ಬಳಗಗಳಿಂದ ನಾಲ್ಕು, ನಾಲ್ಕರಿಂದ ಎಂಟು. ಹೀಗೆಯೇ ಸಾಗಿದರೆ ಹತ್ತನೆಯ ಹಂತದಲ್ಲಿ 1,024 ಬಳಗಗಳು, ಎಂದರೆ ಒಂದು ಲಕ್ಷಕ್ಕೂ ಹೆಚ್ಚು ಜನ. (ಒಬ್ಬನೇ ಹಲವು ಬಳಗಗಳಲ್ಲಿ ಇರಬಹುದೆಂಬುದನ್ನು ಸದ್ಯಕ್ಕೆ ಬಿಟ್ಟಿದ್ದೇವೆ.) ನೂರರಲ್ಲಿ 98 ಮಂದಿ ಸುಮ್ಮನಿದ್ದರೂ ಇಷ್ಟಾಯಿತು! ಇದಕ್ಕೆ ಪ್ರತಿಯಾಗಿ, ಎರಡು ಬಳಗಗಳಿಗೆ ಒಬ್ಬನಂತೆ ಮಾತ್ರ ಕಳಿಸುವನೆನ್ನಿ. ಆಗ 1 + 1/2 + 1/4 + 1/8 … ಎಂಬ ಗುಣೋತ್ತರ ಶ್ರೇಢಿ ದೊರೆಯುತ್ತದೆ. ಅದನ್ನು ಎಷ್ಟೇ ಮುಂದುವರಿಸಿದರೂ ಮೊತ್ತವು 2ನ್ನು ಮೀರದು. ಸುಮಾರು ಇನ್ನೂರು ಮಂದಿ ನೋಡುವಷ್ಟರಲ್ಲಿ ಆ ಚಿತ್ರದ ಆಯುಸ್ಸು ತೀರುತ್ತದೆ. ಒಂದು ಬಳಗವು ಸರಾಸರಿ ಎಷ್ಟು ಹೊಸ ಬಳಗಗಳಿಗೆ ಸೋಂಕನ್ನು ದಾಟಿಸುತ್ತದೆಂಬ ಸಂಖ್ಯೆ 1ಕ್ಕಿಂತ ಹೆಚ್ಚಾದರೆ ಅದು ಹಬ್ಬುತ್ತದೆ, ಕಡಿಮೆಯಾದರೆ ಆರಿಹೋಗುತ್ತದೆ.

ಸಾಂಕ್ರಾಮಿಕ ರೋಗಗಳಿಗೂ ಇಂಥದೇ ಹೊಸ್ತಿಲು ಉಂಟೆಂದು ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು 1927ರಲ್ಲಿ ಗಣಿತದ ಮೂಲಕ ತೋರಿಸಿದರು. ಮೆಕೆಂಡ್ರಿಕ್ ಅವರು ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದವರು. ತಮ್ಮ ಸೂತ್ರವನ್ನು ಅವರು ತಾಳೆನೋಡಿದುದು 1905-06ರಲ್ಲಿ ಮುಂಬಯಿಯನ್ನು ಕಾಡಿದ ಪ್ಲೇಗಿನ ಮರಣಸಂಖ್ಯೆಗಳೊಡನೆ. 1964ರಲ್ಲಿ ಡೇಲಿ ಮತ್ತು ಕೆಂಡಾಲ್ ಎಂಬ ಗಣಿತಜ್ಞರು ವದಂತಿಗೂ ಇಂಥ ಲೆಕ್ಕವನ್ನು ಅನ್ವಯಿಸಿದರು. ಅವರ ಪ್ರಕಾರ ಜನರಲ್ಲಿ ಮೂರು ಬಗೆ: ಸುದ್ದಿಯನ್ನು ಕೇಳದವರು, ಹಬ್ಬಿಸುವವರು, ಕೇಳಿಯೂ ಸುಮ್ಮನಿರುವವರು. ಹಬ್ಬಿಸುವವನು ಸುದ್ದಿಯನ್ನು ಆಗಲೇ ಕೇಳಿದವನನ್ನು ಸಂಧಿಸಿದಾಗ ‘ಇದು ಹಳೆಯದಾಯಿತು’ ಎಂದು ತಾನೂ ಸುಮ್ಮನಾಗುತ್ತಾನೆ. ಈ ಲೆಕ್ಕದಂತೆ ಸುದ್ದಿ ಎಲ್ಲರಿಗೂ ಮುಟ್ಟುವುದೇ ಇಲ್ಲ. ನೂರರಲ್ಲಿ ಸುಮಾರು ಇಪ್ಪತ್ತು ಮಂದಿ ಕೇಳುವ ಮೊದಲೇ ಅದು ಅಡಗುತ್ತದೆ. ಊರೆಲ್ಲ ನಕ್ಕ ವಿನೋದವೂ ಒಂದೆರಡು ವಾರಗಳಲ್ಲಿ ಹಳಸಿಹೋಗುವ ಬಗೆ ಇದು.

ಗುರುತು ಕಳಚಿದಾಗ

ಹಾಗಾದರೆ ವೈರಲ್ ಎಂಬುದು ಬರಿಯ ಅಲಂಕಾರವಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಅಂಶ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಹಬ್ಬುತ್ತಿರುವುದು ನಿಜವೋ ಸುಳ್ಳೋ, ವಿನೋದವೋ ವಾರ್ತೆಯೋ ಎಂದು ಗಣಿತವು ಕೇಳುವುದಿಲ್ಲ. ಪ್ರತಿಯಾಗುವಾಗ ಪಾಠವು ಬದಲಾಗುತ್ತದೆ. ಬದಲಾಗುವಾಗ ಎಲ್ಲಕ್ಕಿಂತ ಮೊದಲು ಉದುರುವುದು ‘ಇದು ತಮಾಷೆ’ ಎಂಬ ಗುರುತು.

2012ರ ನವೆಂಬರಿನಲ್ಲಿ ಅಮೆರಿಕದ ‘ದಿ ಆನಿಯನ್’ ಎಂಬ ವಿಡಂಬನ ಪತ್ರಿಕೆಯು ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್ ಅವರನ್ನು ಆ ವರ್ಷದ ಅತ್ಯಂತ ಮೋಹಕ ಪುರುಷನೆಂದು ಘೋಷಿಸಿತು. ಚೀನಾದ ಸರ್ಕಾರಿ ಪತ್ರಿಕೆಯಾದ ‘ಪೀಪಲ್ಸ್ ಡೈಲಿ’ಯ ಅಂತರಜಾಲ ಆವೃತ್ತಿಯು ಅದನ್ನು ನಿಜವೆಂದು ನಂಬಿ, 55 ಚಿತ್ರಗಳೊಡನೆ ಪ್ರಕಟಿಸಿಯೇಬಿಟ್ಟಿತು! ಇಲ್ಲಿ ನಷ್ಟವಾದುದು ಪತ್ರಿಕೆಯ ಗಾಂಭೀರ್ಯವಷ್ಟೆ.

ಎಲ್ಲ ಪ್ರಸಂಗಗಳೂ ನಗುವಿನಲ್ಲಿ ಮುಗಿಯುವುದಿಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗೆಗೆ ಜನರನ್ನು ಎಚ್ಚರಿಸಲು ಒಂದು ಕಿರುಚಿತ್ರವನ್ನು ತಯಾರಿಸಿದ್ದರು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ; ಮರುಕ್ಷಣ ಹಿಂದಿರುಗಿ ಮಗುವನ್ನು ಒಪ್ಪಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಇದು ವಿನೋದವಲ್ಲ, ಆದರೆ ವಿನೋದದಂತೆಯೇ, ನಟನೆಯೆಂಬ ಗುರುತನ್ನು ಕೊನೆಯಲ್ಲಿ ಹೊತ್ತಿದ್ದ ಚಿತ್ರ. ಆ ಕೊನೆಯನ್ನು ಯಾರೋ ಕತ್ತರಿಸಿದರು. ಉಳಿದ ತುಣುಕು ಮಕ್ಕಳ ಕಳ್ಳರ ನಿಜವಾದ ದೃಶ್ಯವೆಂಬ ಒಕ್ಕಣೆಯೊಡನೆ 2018ರಲ್ಲಿ ವಾಟ್ಸ್ಆ್ಯಪ್ ಮೂಲಕ ಭಾರತದಲ್ಲಿ ಹಬ್ಬಿತು. ಮಕ್ಕಳ ಕಳ್ಳರ ವದಂತಿ ಹಲವು ರಾಜ್ಯಗಳಲ್ಲಿ ಉರಿಯಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಮೆಗೆಂದು ಬಂದಿದ್ದ ಹೊರರಾಜ್ಯದ ಯುವಕನೊಬ್ಬನನ್ನು, ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು. ಇಬ್ಬರೂ ನಿರಪರಾಧಿಗಳು.

ಸುಳ್ಳಿಗೆ ಇಷ್ಟು ವೇಗ ಬರುವುದು ಹೇಗೆ? ಅಮೆರಿಕದ ಮೂವರು ಸಂಶೋಧಕರು ಟ್ವಿಟರಿನಲ್ಲಿ 2006ರಿಂದ 2017ರ ವರೆಗೆ ಹರಡಿದ ಸುಮಾರು 1,26,000 ಸುದ್ದಿಗಳ ಜಾಡನ್ನು ಹಿಡಿದು, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮರುಹಂಚಿಕೆಯಾಗುವ ಸಂಭವವು ಸುಳ್ಳಿಗೆ ನಿಜಕ್ಕಿಂತ ಶೇಕಡ 70ರಷ್ಟು ಹೆಚ್ಚಾಗಿತ್ತು. ಸುಳ್ಳಿನಲ್ಲಿ ಹೊಸತನವೂ ಬೆರಗೂ ಹೆಚ್ಚು, ಬೆರಗಾದವನು ಸುಮ್ಮನಿರಲಾರನು.

ಒಂದು ಕೈಯ ಬೆಲೆ

ವಾಟ್ಸ್ಆ್ಯಪ್ ಸಂಸ್ಥೆಯು 2018ರ ಜುಲೈ ತಿಂಗಳಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ಗೊತ್ತುಮಾಡಿತು. 2020ರ ಏಪ್ರಿಲಿನಲ್ಲಿ, ಆಗಲೇ ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂದು ವಿಧಿಸಿತು. ಅಂಥ ಸಂದೇಶಗಳ ಸಂಚಾರ ಶೇಕಡ 70ರಷ್ಟು ತಗ್ಗಿತೆಂದು ಸಂಸ್ಥೆಯೇ ತಿಳಿಸಿತು. ಸಂದೇಶದೊಳಗೆ ಏನಿದೆಯೆಂದು ನೋಡದೆ, ಮೇಲೆ ಹೇಳಿದ ಸಂಖ್ಯೆಯನ್ನು 1ರ ಕಡೆಗೆ ಇಳಿಸುವ ಉಪಾಯವಿದು.

ಆ ಸಂಖ್ಯೆಯನ್ನು ಇಳಿಸಲು ಸಂಸ್ಥೆಯೇ ಬೇಕೆಂದೇನೂ ಇಲ್ಲ. ನಮ್ಮ ಲೆಕ್ಕದ ಬಳಗಗಳಲ್ಲಿ ಸಾವಿರ ಮಂದಿಗೆ ಹನ್ನೊಂದು ಮಂದಿ ಒಂದು ಸಂದೇಶವನ್ನು ಮುಂದಕ್ಕೆ ಕಳಿಸುತ್ತಾರೆನ್ನಿ. ಸಂಖ್ಯೆ 1.1 ಆಯಿತು, ಸೋಂಕು ಹಂತ ಹಂತವಾಗಿ ಬೆಳೆಯುತ್ತಲೇ ಹೋಗುತ್ತದೆ. ಹನ್ನೊಂದು ಮಂದಿಯ ಬದಲು ಒಂಬತ್ತು ಮಂದಿ ಕಳಿಸಿದರೆ ಸಂಖ್ಯೆ 0.9, ಶ್ರೇಢಿಯ ಮೊತ್ತ 10. ಎಂದರೆ ಹತ್ತು ಬಳಗಗಳಲ್ಲಿಯೇ, ಸುಮಾರು ಸಾವಿರ ಜನರಲ್ಲಿಯೇ ಅದು ಅಡಗಿಹೋಗುತ್ತದೆ. ಇವೆರಡರ ನಡುವಣ ಅಂತರವಾದರೂ ಎಷ್ಟು? ಸಾವಿರಕ್ಕೆ ಇಬ್ಬರು!

ಆದುದರಿಂದ ನಗಬಾರದೆಂದಾಗಲಿ, ನಗೆಯನ್ನು ಹಂಚಬಾರದೆಂದಾಗಲಿ ಅರ್ಥವಲ್ಲ. ನಗೆಚಿತ್ರವನ್ನು ಕಳಿಸುವಾಗ ಅದರ ಮುಖವನ್ನು ಜೊತೆಯಲ್ಲಿಯೇ ಕಳಿಸೋಣ. ಬೆರಗನ್ನೋ ಭಯವನ್ನೋ ಕೋಪವನ್ನೋ ಹುಟ್ಟಿಸುವ ಸಂದೇಶ ಬಂದಾಗ, ಇದರ ಕೊನೆಯನ್ನು ಯಾರಾದರೂ ಕತ್ತರಿಸಿರಬಹುದೇ ಎಂದು ಒಂದು ಗಳಿಗೆ ಕೇಳಿಕೊಳ್ಳೋಣ. ಉತ್ತರ ತಿಳಿಯದಿದ್ದರೆ ಆ ಸಂದೇಶ ನಮ್ಮ ಕೈಯಲ್ಲಿಯೇ ನಿಲ್ಲಲಿ. ಸಾವಿರಕ್ಕೆ ಬೇಕಾದ ಇಬ್ಬರಲ್ಲಿ ಆಗ ನಾವು ಒಬ್ಬರಾಗಿರುತ್ತೇವೆ.