ನಡುರಾತ್ರಿ ಮೀನಖಂಡ ಹಿಡಿದಾಗ

ಬೆಂಗಳೂರಲ್ಲಿ ವಾರವಿಡೀ ಕುರ್ಚಿಗೆ ಅಂಟಿಕೊಂಡಿರೋ ನಾನು, ಕಳೆದ ಮಳೆಗಾಲದಲ್ಲಿ ರಾತ್ರಿ ಬಸ್ಸಿಗೆ ಶಿಕಾರಿಪುರಕ್ಕೆ ಬಂದಿಳಿದು, ಅಲ್ಲಿಂದ ಸೊರಬದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಭತ್ತದ ನಾಟಿ ನಡೆದಿತ್ತು. ಹುಮ್ಮಸ್ಸಲ್ಲಿ ಇಡೀ ದಿನ ಕೆಸರುಗದ್ದೆಯಲ್ಲಿ ನಿಂತೆ. ನಡುರಾತ್ರಿ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತು ನೋಡಿ, ಕೂಗಿಕೊಂಡೇ ಎದ್ದೆ.

“ನರ ಏರಿದೆ ತಮ್ಮಾ, ಮಂಡಿ ನೆಟ್ಟಗಿಟ್ಟು ಕಾಲ್ಬೆರಳು ನಿನ್ ಕಡೆ ಎಳ್ಕೋ” ಅಂದರು ದೊಡ್ಡಮ್ಮ. ಎಳೆದೆ. ಅರ್ಧ ನಿಮಿಷದಲ್ಲಿ ಬಿಟ್ಟಿತು. ಏರಿದ್ದು ನರ ಅಲ್ಲ, ತಾನಾಗೇ ಬಿಗಿದುಕೊಂಡ ಸ್ನಾಯು. ಆದರೂ ದೊಡ್ಡಮ್ಮನ ಉಪಾಯ ಸರಿಯಾದದ್ದೇ.

ಅಭ್ಯಾಸವಿಲ್ಲದ ದುಡಿಮೆಯೇ ದೊಡ್ಡ ಕಾರಣ. ಮಳೆಯಲ್ಲಿ ಬೆವರಿದ್ದು ಗೊತ್ತಾಗಲ್ಲ, ನೀರು ಕುಡಿಯೋದು ಮರೆತುಹೋಗುತ್ತೆ. ಭಾರದ ಕಂಬಳಿ ಪಾದವನ್ನು ಕೆಳಕ್ಕೆ ಒತ್ತಿದರೂ ಮೀನಖಂಡ ಕುಗ್ಗಿ ಹಿಡಿದುಕೊಳ್ಳಬಹುದು. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇರೋರಿಗೆ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತಗೊಳ್ಳೋರಿಗೆ ಇದು ಹೆಚ್ಚು. ಪದೇಪದೇ ಬಂದರೆ ವೈದ್ಯರಿಗೆ ಹೇಳಿ, ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಆಫೀಸಲ್ಲಿ ಎಲ್ಲರದೂ ಒಂದೇ ಸಲಹೆ: ಮೆಗ್ನೀಷಿಯಂ. ಆದರೆ 2020ರ ಕಾಕ್ರೇನ್ ಪರಾಮರ್ಶೆ ಪ್ರಕಾರ, ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗುವ ಸಾಧ್ಯತೆ ಕಡಿಮೆ. ನಾನಂತೂ ದುಡ್ಡು ಉಳಿಸಿ ಗೋಡೆ ಹಿಡಿದಿದ್ದೇನೆ. ಮಲಗೋ ಮುಂಚೆ ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ಬಾಗಿ 30 ಸೆಕೆಂಡು. ಪ್ರತಿ ಕಾಲಿಗೆ 3 ಸಲ.

ಇಷ್ಟೇ ಆಗಿದ್ದರೆ ಬರೀತಾ ಇರಲಿಲ್ಲ. ದೀಪಾವಳಿಗೆ ಅದೇ ರಾತ್ರಿ ಬಸ್ಸಲ್ಲಿ ಬಂದ ಚಿಕ್ಕಪ್ಪನಿಗೆ ಬಲಗಾಲಿನ ಮೀನಖಂಡ ನೋವು. “ನರ ಹಿಡಿದಿದೆ” ಅಂತ ಎರಡು ದಿನ ಎಣ್ಣೆ ಹಚ್ಚಿ ತಿಕ್ಕಿದೆವು. ನಾನೂ ತಿಕ್ಕಿದೆ. ಸೆಳೆತವಾದರೆ ನಿಮಿಷಗಳಲ್ಲಿ ಬಿಡಬೇಕು, ಇದು ಬಿಡಲಿಲ್ಲ. ಒಂದೇ ಕಾಲು ಊದಿಕೊಂಡು ಬಿಸಿಯಾಗಿತ್ತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಕಂಡಿತು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ, ತಿಕ್ಕಲೇಬಾರದಿತ್ತು ಅಂದರು ಡಾಕ್ಟರು. ಇಂಥ ನೋವಿನ ಜೊತೆ ಏದುಸಿರು, ಎದೆನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಚಿಕ್ಕಪ್ಪ ಈಗ ರಕ್ತ ತೆಳುವಾಗಿಸೋ ಮಾತ್ರೆಯಲ್ಲಿದ್ದಾರೆ. ಬಸ್ಸು ಊಟಕ್ಕೆ ನಿಂತರೆ ಅವರೇ ಮೊದಲು ಇಳೀತಾರೆ, ನನ್ನನ್ನೂ ಎಬ್ಬಿಸಿ ನಡೆಸ್ತಾರೆ.