ಏರಿಗೆ ಬೆಲ್ಟು, ಇಳಿಜಾರಿಗೆ ಬುದ್ಧಿ!

ಹೂಲಿ: ಹಲಗೆಗೆ ಗಾಲಿ, ಬ್ಯಾಟರಿ, ಮೋಟರ್ ಕಟ್ಟಿ ಓಡಿಸುವ ಹುಚ್ಚು ದೊಡ್ಡ ಶಹರದ ಹುಡುಗರದ್ದು. ಪಂಚಲಿಂಗೇಶ್ವರ ಗುಡಿಯ ನಮ್ಮ ಗುಡ್ಡದೂರಿಗೆ ಅದು ಬಂದರೆ ಯಾವ ಮೋಟರ್ ಛಲೋ?

ಗಾಲಿಯೊಳಗೇ ಕೂರುವ ಮೋಟರಿಗೆ ಸದ್ದಿಲ್ಲ, ರಗಳೆಯಿಲ್ಲ. ಸಪಾಟು ರಸ್ತೆಗೆ ಸಾಕು. ಏರಿನಲ್ಲಿ ಬಿಸಿಯಾಗಿ ಸೋಲುತ್ತದೆ. ಬೆಲ್ಟಿನದಾದರೆ ಮೋಟರಿಗೆ 15, ಗಾಲಿಗೆ 36 ಹಲ್ಲಿನ ಪುಲ್ಲಿ ಹಾಕಿರಿ. ಎಳೆಯುವ ಶಕ್ತಿ 2.4 ಪಟ್ಟು, ವೇಗ ಅಷ್ಟೇ ಕಮ್ಮಿ. ಏರಿಗೆ ಇದೇ ಸೈ.

ಆದರೆ ತಮ್ಮಾ, ಇಳಿಯುವಾಗ ಬ್ರೇಕೂ ಅದೇ ಮೋಟರು! ಬೆಲ್ಟು ಹರಿದರೆ ಬ್ರೇಕಿಲ್ಲ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿಜಾರು ಹಿಡಿದರೆ, ಮೋಟರಿನಿಂದ ಮರಳುವ ಕರೆಂಟಿಗೆ ಜಾಗವಿಲ್ಲದೆ ಬ್ರೇಕು ಕೈಕೊಡಬಹುದು. ಎರಡು ಗಾಲಿಗೆ ಎರಡು ಮೋಟರ್, ಎರಡು ಬೆಲ್ಟು ಇರಲಿ; ಬ್ಯಾಟರಿ ಕೊಂಚ ಖಾಲಿಯಿರಲಿ. ತಲೆಗೆ ಹೆಲ್ಮೆಟ್ ಇರಲಿ. ಸವದತ್ತಿ ಬಸ್ಸಿನೆದುರು ಮಾತ್ರ ಈ ಆಟ ಬ್ಯಾಡ!