ಹುಳಕ್ಕೆ ಹೊಡೆದ ಎಣ್ಣೆ ಮನಸ್ಸಿಗೆ ತಾಗುವ ಬಗೆ

ಹತ್ತಿ ಎದೆಮಟ್ಟಕ್ಕೆ ಬಂದು, ಮೆಣಸಿನ ಗಿಡ ಹೂವು ಕಟ್ಟಿತೆಂದರೆ ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಎಣ್ಣೆ ಹೊಡೆಯುವ ಕೆಲಸ ಶುರು. ಡಬ್ಬಿಯ ಮುಚ್ಚಳದಲ್ಲಿ ಅಳೆದು ಬಕೆಟ್ಟಿಗೆ ಸುರಿಯುತ್ತಾರೆ, ಬರಿಗೈಯಲ್ಲಿ ಕಡ್ಡಿ ಹಿಡಿದು ಕದಡುತ್ತಾರೆ, ಪಂಪು ಬೆನ್ನಿಗೇರುತ್ತದೆ. ಟ್ಯಾಂಕಿನಿಂದ ಸೋರಿದ ದ್ರಾವಣ ಅಂಗಿಯನ್ನು ನೆನೆಸುತ್ತದೆ, ಎದುರುಗಾಳಿಗೆ ತುಂತುರು ಮುಖಕ್ಕೇ ಬರುತ್ತದೆ. ಸಂಜೆ ಮನೆಗೆ ಬಂದವನಿಗೆ ತಲೆಭಾರ, ಕಣ್ಣು ಮಂಜು, ಕಾರಣವಿಲ್ಲದ ಸಿಡುಕು. ಮಾತು ತಡವರಿಸಿದರೆ ಮನೆಯವರು ಬಿಸಿಲು ಬಡಿದಿದೆ ಎನ್ನುತ್ತಾರೆ. ಇನ್ನೂ ಹೆಚ್ಚಾದರೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಆದರೆ ಅವನ ಮಾತು, ಸಿಟ್ಟು, ಗಾಬರಿಗಳ ಹಿಂದೆ ನರಗಳ ಸಂದಿನಲ್ಲಿ ನಡೆಯುವ ರಾಸಾಯನಿಕ ವ್ಯವಹಾರವೊಂದು ಕೆಟ್ಟಿರಬಹುದು.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬಹುಪಾಲು ಕಡೆ ಒಂದು ಕೋಶ ಇನ್ನೊಂದಕ್ಕೆ ತಾಗಿರುವುದಿಲ್ಲ. ನಡುವೆ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಸಂದು. ವಿದ್ಯುತ್ ಸಂಕೇತ ಆ ಸಂದಿನವರೆಗೆ ಬಂದಾಗ ಅಲ್ಲಿಂದ ಒಂದು ರಾಸಾಯನಿಕ ಚಿಮ್ಮಿ ಆಚೆಯ ಕೋಶವನ್ನು ಎಚ್ಚರಿಸುತ್ತದೆ. ಇದನ್ನು ಕಪ್ಪೆಯ ಹೃದಯದಲ್ಲಿ ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಆಟೋ ಲೋವಿ. ಒಂದು ಹೃದಯದ ನರವನ್ನು ಅವರು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕೆಲಸ ಮಾಡಿದ್ದ ವಸ್ತು ಅಸಿಟೈಲ್‌ಕೋಲಿನ್. ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ 1936ರಲ್ಲಿ ನೊಬೆಲ್ ಬಂತು.

ಸಂಕೇತ ಮುಟ್ಟಿಸಿದ ಮೇಲೆ ಈ ರಾಸಾಯನಿಕ ಕೂಡಲೇ ತೊಲಗಬೇಕು. ಅದಕ್ಕಾಗಿಯೇ ಸಂದಿನಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಕಾದಿರುತ್ತದೆ. ಅದರ ಒಂದೇ ಒಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆದುಹಾಕುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ತೂಬು ತೆರೆದರೆ ಬೆಳೆಗೆ ನೀರು, ಮುಚ್ಚದೇ ಹೋದರೆ ಹೊಲವೇ ಜೌಗು. ನರದ ಸಂದಿನಲ್ಲಿ ತೂಬು ಮುಚ್ಚುವ ಕೆಲಸ ಈ ಕಿಣ್ವದ್ದು.

ಕ್ಲೋರೋಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಹೋಗಿ ಹಿಡಿಯುವುದು ಇದೇ ಕಿಣ್ವವನ್ನು. ಕೀಟದ ನರಮಂಡಲಕ್ಕೂ ಅಸಿಟೈಲ್‌ಕೋಲಿನ್ ಬೇಕೇ ಬೇಕು. ಕಿಣ್ವ ಕೈಕೊಟ್ಟರೆ ಸಂಕೇತ ನಿಲ್ಲದೆ ಹುಳ ನಡುಗಿ, ಸೆಟೆದು ಸಾಯುತ್ತದೆ. ಪ್ರಕೃತಿ ಹುಳಕ್ಕೊಂದು, ಮನುಷ್ಯನಿಗೊಂದು ಎಂದು ಬೇರೆ ಬೇರೆ ವ್ಯವಸ್ಥೆ ಮಾಡಿಲ್ಲ. ಬೆವರಿದ ಚರ್ಮದ ಮೂಲಕವೂ ಈ ವಿಷ ಮೈಸೇರುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ, ಸ್ನಾಯುಗಳ ಅದುರು ಕಾಣಿಸಿಕೊಳ್ಳುತ್ತವೆ. ವೈದ್ಯರು ಟಾರ್ಚ್ ಹಿಡಿದು ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ಮಿದುಳಿಗೆ ತಾಗಿದಾಗ ಚಡಪಡಿಕೆ, ಭಯ, ಗೊಂದಲ. ತೀವ್ರವಾದರೆ ಫಿಟ್ಸ್, ಪ್ರಜ್ಞಾಹೀನತೆ. ಉಸಿರಾಟ ನಿಂತು ಜೀವ ಹೋಗುವುದೂ ಉಂಟು.

ಅಸಿಟೈಲ್‌ಕೋಲಿನ್ ಕಡಿಮೆಯಾದರೂ ಮನಸ್ಸು ಕೆಡುತ್ತದೆ. ಗಮನ, ಕಲಿಕೆ, ನೆನಪುಗಳಿಗೆ ಮಿದುಳು ಇದನ್ನೇ ನೆಚ್ಚಿದೆ. ಅಲ್ಜೈಮರ್ ಕಾಯಿಲೆಯಲ್ಲಿ ಇದನ್ನು ಒದಗಿಸುವ ಕೋಶಗಳು ನಾಶವಾಗುತ್ತವೆ. ಮರೆವಿನ ರೋಗಿಗಳಿಗೆ ವೈದ್ಯರು ಬರೆಯುವ ಡೊನೆಪೆಜಿಲ್ ಮಾತ್ರೆ, ಕೀಟನಾಶಕ ತಡೆಯುವ ಅದೇ ಕಿಣ್ವವನ್ನು ಹದವಾಗಿ ತಡೆದು, ಉಳಿದಿರುವ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ.

ಇನ್ನೊಂದು ಪುರಾವೆ ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಮದಗುಣಕಿ ಗಿಡದ ಬೀಜ ತಿಂದ ಮಕ್ಕಳಿಗೆ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಪಾಪೆ ದೊಡ್ಡದಾಗುತ್ತದೆ. ಇಲ್ಲದವರೊಡನೆ ಮಾತಾಡುತ್ತಾರೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈ ಚಾಚುತ್ತಾರೆ. ನೋಡಿದವರಿಗೆ ಮೈಮೇಲೆ ಏನೋ ಬಂದಂತೆಯೇ ಕಾಣುತ್ತದೆ. ಆ ಬೀಜದಲ್ಲಿರುವ ಅಟ್ರೋಪಿನ್, ಸ್ಕೊಪೊಲಮಿನ್ ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ಆಕ್ರಮಿಸಿ ಸಂಕೇತವನ್ನೇ ತಡೆದಿರುತ್ತವೆ. ಕೀಟನಾಶಕದ ವಿಷ ಏರಿದವರಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಚುಚ್ಚುಮದ್ದು ಇದೇ ಅಟ್ರೋಪಿನ್. ಪ್ರಮಾಣ ತಪ್ಪಿದರೆ ಅದೂ ವಿಷ. ಆದ್ದರಿಂದ ಗಿಡದ ಎಲೆ, ಬೀಜ ಅರೆದು ಮನೆಯಲ್ಲಿ ಕುಡಿಸುವ ಸಾಹಸ ಯಾರೂ ಮಾಡಬಾರದು.

ಒಂದೇ ರಾಸಾಯನಿಕ ಹೆಚ್ಚಾದರೆ ಗಾಬರಿ ಮತ್ತು ಸೆಳೆತ, ಕಡಿಮೆಯಾದರೆ ಮರೆವು, ತಡೆದರೆ ಭ್ರಮೆ. ಮಿದುಳಿನಲ್ಲಿ ಇಂಥ ಸಂದೇಶವಾಹಕಗಳು ಹತ್ತಾರು. ಮನುಷ್ಯನ ಸ್ವಭಾವವನ್ನು ರೂಪಿಸುವುದು ರಸಾಯನ ಮಾತ್ರವೇ ಅಲ್ಲ. ಸಾಲ, ಮಳೆ, ಮನೆಯವರ ಪ್ರೀತಿ, ಊರಿನ ಮಾತು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಅವೆಲ್ಲ ಕೊನೆಗೆ ಬಂದು ಮುಟ್ಟುವುದು ಈ ಮಿದುಳನ್ನೇ. ನಡವಳಿಕೆ ಒಮ್ಮೆಲೇ ಬದಲಾದವನನ್ನು ಬೈಯುವುದರಿಂದಾಗಲಿ, ಬೇವಿನ ಸೊಪ್ಪಿನಿಂದ ಹೊಡೆಯುವುದರಿಂದಾಗಲಿ ಕಿಣ್ವ ಮರಳಿ ಕೆಲಸಕ್ಕೆ ಬರುವುದಿಲ್ಲ.

ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಎಣ್ಣೆ ಹೊಡೆಯಬೇಡಿ, ಗಾಳಿಗೆ ಎದುರಾಗಿ ನಡೆಯಬೇಡಿ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಮೈ ತೊಳೆಯಿರಿ, ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಹಾಕಬೇಡಿ. ಹೊಡೆದವರಿಗೆ ಕಣ್ಣು ಮಂಜಾಗಿ, ಜೊಲ್ಲು ಸುರಿದು, ಮಾತು ತಪ್ಪಿದರೆ ಬಟ್ಟೆ ಬದಲಿಸಿ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯಿರಿ. ಎಲ್ಲ ಎಣ್ಣೆಗಳೂ ಒಂದೇ ಗುಂಪಿನವಲ್ಲ, ಚಿಕಿತ್ಸೆಯೂ ಬೇರೆ. ಹಾಗಾಗಿ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಮನಸ್ಸು ಕುಗ್ಗಿ, ನಿದ್ದೆಗೆಟ್ಟು, ಬದುಕು ಬೇಡವೆನಿಸಿದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.